ರೊಟ್ಟಿ ತಿಂದ ಬಾಗಿಲು

ನನ್ನ ವ್ಯಾನಿನ ಹಿಂದಿನ ಬಾಗಿಲು ಮೇಲಕ್ಕೆ ತೆರೆಯುತ್ತದೆ. ತೆರೆದರೆ ಅದೇ ನನ್ನ ಅಂಗಡಿಯ ಮಾಡು, ಅದೇ ನೆರಳು, ಅದೇ ಬೋರ್ಡು. ಒಳಮೈಗೆ ‘ಮಿಕ್ಸಿ, ಕುಕ್ಕರ್, ಗ್ಯಾಸ್ ಒಲೆ, ಇಸ್ತ್ರಿ ಪೆಟ್ಟಿಗೆ ರಿಪೇರಿ’ ಎಂದು ಬರೆಸಿದ್ದೇನೆ. ಸಂತೆಯ ದಿನ ಮಸ್ಕಿಯಲ್ಲೋ, ಲಿಂಗಸುಗೂರಿನಲ್ಲೋ, ಸಿಂಧನೂರಿನಲ್ಲೋ ಒಂದು ಮೂಲೆ ಹಿಡಿದು ಗಾಡಿ ನಿಲ್ಲಿಸಿ, ಬಾಗಿಲು ಎತ್ತಿ, ಅದರ ಕೆಳಗೆ ಸ್ಟೂಲು ಹಾಕಿಕೊಂಡು ಕೂತರೆ ಸಂಜೆಯ ತನಕ ಏಳುವ ಪ್ರಮೇಯವಿಲ್ಲ. ಕೂತು ಮಾಡುವ ಕೆಲಸ ಎಂಬ ಒಂದೇ ಕಾರಣಕ್ಕೆ ಇದನ್ನು ಕಲಿತವಳು ನಾನು. ಆಮೇಲೆ ಅದೇ ಚಟವಾಯಿತು. ಯಾವ ವಸ್ತುವನ್ನು ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡದಿದ್ದರೆ ನನಗೆ ಸಮಾಧಾನವಿಲ್ಲ.

ತೊಂದರೆ ಇದ್ದದ್ದು ಕೂರುವುದಕ್ಕಿಂತ ಮುಂಚೆ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿ ಹೋಗಿದೆ. ತೊಡೆಯ ತನಕ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದು ನಡೆಯುತ್ತೇನೆ. ಗಾಡಿ ಓಡಿಸುವುದು ಕಷ್ಟವಲ್ಲ, ಎಡಗಾಲಿನ ಕ್ಲಚ್ಚನ್ನು ಕೈಗೆ ಸಿಗುವಂತೆ ಮಾಡಿಸಿಕೊಂಡಿದ್ದೇನೆ. ಆದರೆ ಗಾಡಿಯಿಂದ ಇಳಿದು ಹಿಂದಕ್ಕೆ ಬಂದರೆ ನನ್ನ ಒಂದು ಕೈ ಕೋಲಿನದಾಗಿರುತ್ತದೆ. ಉಳಿದ ಒಂದೇ ಕೈಯಲ್ಲಿ, ಒಂದೂವರೆ ಕಾಲಿನ ಮೇಲೆ ನಿಂತು, ಆ ತಗಡು ಗಾಜಿನ ಬಾಗಿಲನ್ನು ತಲೆಯ ಮೇಲಿನವರೆಗೆ ಎತ್ತಬೇಕು. ಅರ್ಧಕ್ಕೆ ಬರುತ್ತಿತ್ತು. ಅಲ್ಲಿಂದ ಮೇಲಕ್ಕೆ ಹೋಗಬೇಕಾದರೆ ಕೋಲು ಬಿಡಬೇಕು, ಕೋಲು ಬಿಟ್ಟರೆ ನಾನೇ ಕೆಳಗೆ.

ಬಾಗಿಲ ಬದಿಗೆ ತಾನಾಗಿ ಮೇಲಕ್ಕೆ ತಳ್ಳುವ ಗಟ್ಟಿ ಗ್ಯಾಸ್ ಕೋಲು ಹಾಕಿಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಿಸಿದ್ದೆ. ಬಾಗಿಲು ತಾನಾಗಿಯೇ ಜುಮ್ಮೆಂದು ಏಳತೊಡಗಿತು. ಇಳಿಯುವುದನ್ನು ಮಾತ್ರ ಮರೆಯಿತು. ಮೊದಲ ದಿನ ಸಂಜೆ ಮುಚ್ಚುವುದಕ್ಕೆ ಹಗ್ಗ ಹಿಡಿದು ಎಳೆದೆ, ಜಗ್ಗಿದೆ, ಕೊನೆಗೆ ಜೋತುಬಿದ್ದೆ. ಊರುಗೋಲು ಜಾರಿತು. ಸಿಂಧನೂರಿನ ಸಂತೆಯ ನಟ್ಟನಡುವೆ ಬಾವಲಿಯಂತೆ ನೇತಾಡುತ್ತಿದ್ದವಳನ್ನು ತರಕಾರಿ ಮಾರುವ ಹೆಂಗಸರು ಇಳಿಸಿದರು. ಆ ಕೋಲುಗಳನ್ನು ಮರುದಿನವೇ ಬಿಚ್ಚಿಸಿದೆ.

ಹಾಗಾಗಿ ಬಾಗಿಲು ಎತ್ತುವ ಕೆಲಸ ನನ್ನ ಗಂಡನದಾಯಿತು. ಅವರು ಜವಳಗೇರಾ ಕಡೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಫಿಟ್ಟರು. ಸಂತೆಯ ದಿನ ರಜೆ ಹಾಕಿ ನನ್ನ ಜೊತೆ ಬರುತ್ತಿದ್ದರು. ಬೆಳಿಗ್ಗೆ ಒಂದು ಸಲ ಎತ್ತುವುದು, ಸಂಜೆ ಒಂದು ಸಲ ಇಳಿಸುವುದು. ನಡುವೆ ಚಹಾ ಕುಡಿಯುವುದು, ಹಳೆಯ ಪೇಪರ್ ಓದುವುದು, ನನ್ನ ಗಿರಾಕಿಗಳಿಗೆ ರಾಜಕಾರಣ ಹೇಳುವುದು. ಎಷ್ಟೋ ಸಲ ನನಗೇ ಕೆಟ್ಟೆನಿಸುತ್ತಿತ್ತು. ಮಿಷನ್ನುಗಳ ನಡುವೆ ಇರಬೇಕಾದ ಮನುಷ್ಯ ನನ್ನ ಬಾಗಿಲಿಗೆ ಕಾವಲು ಕೂತಿದ್ದಾರಲ್ಲ ಎಂದು.

ದಾರಿಹೋಕರನ್ನು ಕೇಳಬಹುದಿತ್ತು. ನನಗೆ ಕೇಳುವುದು ಆಗಿಬರುವುದಿಲ್ಲ. ಕೇಳಿದರೆ ಎತ್ತಿಕೊಡುತ್ತಾರೆ, ನಮ್ಮ ಕಡೆಯ ಮಂದಿ ಅಷ್ಟು ಒಳ್ಳೆಯವರೇ. ಎತ್ತಿಕೊಟ್ಟವರು ಕಾಲಿಗೆ ಏನಾಗಿದೆ ಎಂದು ವಿಚಾರಿಸುತ್ತಾರೆ. ವಿಚಾರಿಸಿದವರು ಯಾವ ದೇವರಿಗೆ, ಯಾವ ದರ್ಗಾಕ್ಕೆ, ಯಾವ ಎಣ್ಣೆಗೆ ಗುಣವಾಗುತ್ತದೆಂದು ಹೇಳಿ, ನಾನು ಹೋಗುತ್ತೇನೆ ಎಂದು ಮಾತು ಕೊಡುವ ತನಕ ಕದಲುವುದಿಲ್ಲ. ಒಂದು ಬಾಗಿಲಿಗೆ ಇಷ್ಟು ಮಾತು ಖರ್ಚು ಮಾಡುವ ತಾಳ್ಮೆ ನನಗಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಹೋದ ಬೇಸಿಗೆಯಲ್ಲಿ ಮಿಲ್ಲಿನ ಮಾಲೀಕರು ಹೊಸ ಮಿಷನ್ ತರಿಸುವ ಮಾತು ಆಡಿದರು. ದೀಪಾವಳಿ ಮುಗಿದು ಭತ್ತ ಬರತೊಡಗಿದ ಮೇಲೆ ಫಿಟ್ಟರಿಗೆ ವಾರದ ನಡುವೆ ರಜೆ ಇಲ್ಲ ಎಂದುಬಿಟ್ಟರು. ಗಂಡ ಆ ರಾತ್ರಿ ಊಟಕ್ಕೆ ಕೂತಾಗ ತಲೆ ತಗ್ಗಿಸಿಕೊಂಡೇ ಅದನ್ನು ಹೇಳಿದರು. ನನಗೆ ಅರ್ಥವಾಯಿತು. ದೀಪಾವಳಿಯ ಒಳಗೆ ಆ ಬಾಗಿಲನ್ನು ನಾನೊಬ್ಬಳೇ ತೆರೆಯುವಂತಾಗಬೇಕು, ಇಲ್ಲವಾದರೆ ಸಂತೆ ಬಿಟ್ಟು ಮನೆಯ ಕಟ್ಟೆಯ ಮೇಲೆ ಕೂರಬೇಕು. ಕಟ್ಟೆಯ ಮೇಲೆ ಕೂತು ಬೆಳೆದವಳಿಗೆ ಮತ್ತೆ ಅಲ್ಲಿಗೆ ಹೋಗುವುದೆಂದರೆ ಎದೆ ಒಡೆದಂತಾಗುತ್ತದೆ.

ಅದೇ ದಿನಗಳಲ್ಲಿ ಲಿಂಗಸುಗೂರಿನಲ್ಲಿ ಅಂಗವಿಕಲರ ಸಲಕರಣೆಗಳ ಶಿಬಿರ ಇತ್ತು. ಕ್ಯಾಲಿಪರಿನ ಬೆಲ್ಟು ಹರಿದಿತ್ತು, ಹೋಗಿದ್ದೆ. ಅಳತೆ ತೆಗೆಯುವವರು ಮೇಜಿನ ಮೇಲೆ ಒಂದು ಕರಿಯ ಕ್ಯಾಲಿಪರ್ ಇಟ್ಟಿದ್ದರು, ಬರೀ ತೋರಿಸುವುದಕ್ಕೆ. ಎತ್ತಿ ನೋಡಿದೆ. ಕೈ ತಾನಾಗಿ ಮೇಲೆ ಹೋಯಿತು, ಯಾಕೆಂದರೆ ನಾನು ಕಬ್ಬಿಣದ ಲೆಕ್ಕದಲ್ಲಿ ಜೋರು ಹಾಕಿದ್ದೆ. ಇದು ಯಾವ ಲೋಹ ಎಂದು ಕೇಳಿದೆ.

“ಲೋಹ ಅಲ್ರೀ, ಬಟ್ಟಿ ಇದು,” ಎಂದರು ಅವರು. “ಕಾರ್ಬನ್ ಬಟ್ಟಿ. ಪದರ ಪದರ ಹಾಸಿ, ರಾಳ ಹಚ್ಚಿ, ಗಟ್ಟಿ ಮಾಡಿರ್ತಾರ.”

ಬಟ್ಟೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಕಬ್ಬಿಣವಾದರೆ ಕಾರ್ಖಾನೆ ಬೇಕು, ಬಟ್ಟೆಯಾದರೆ ಕತ್ತರಿ ಸಾಕು. ಅವರು ನನ್ನ ಕಾಲಿನ ಅಳತೆ ಬರೆದುಕೊಳ್ಳುತ್ತಿದ್ದರು. ನಾನು ಮನಸ್ಸಿನಲ್ಲಿ ಬಾಗಿಲಿನ ಅಳತೆ ತೆಗೆಯುತ್ತಿದ್ದೆ.

ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಒಂದು ಲೋಕವೇ ತೆರೆದುಕೊಂಡಿತು. ಯಾವುದೋ ದೇಶದ ಗಂಡಸರು ತಮ್ಮ ಮನೆಯ ಹಿತ್ತಲ ಷೆಡ್ಡುಗಳಲ್ಲಿ ಹಳೆಯ ಕಾರು ನಿಲ್ಲಿಸಿಕೊಂಡು ಅದಕ್ಕೆ ಕಾರ್ಬನ್ ಬಾನೆಟ್ಟು, ಕಾರ್ಬನ್ ಬಾಗಿಲು ಮಾಡುತ್ತಾರೆ. ಗಾಡಿ ಹಗುರಾದರೆ ರೇಸಿನಲ್ಲಿ ಜೋರು ಓಡುತ್ತದಂತೆ. ಅಂಥ ಗಾಡಿಗೆ ಅವರು ಪ್ರಾಜೆಕ್ಟ್ ಕಾರ್ ಎನ್ನುತ್ತಾರೆ. ನನ್ನ ವ್ಯಾನೂ ಅಂಥದ್ದೇ. ಗುಜರಿಗೆ ಹೊರಟಿದ್ದನ್ನು ತಂದು ಎಷ್ಟೋ ವರ್ಷಗಳಿಂದ ಒಂದೊಂದೇ ಸರಿ ಮಾಡುತ್ತಿದ್ದೇನೆ. ನಮ್ಮ ಓಣಿಯಲ್ಲಿ ಅದಕ್ಕೆ ‘ಮುಗೀಲಾರದ ಗಾಡಿ’ ಎಂದು ಹೆಸರು. ರೇಸಿನವರ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಕೈ ಏನು ಮಾಡುತ್ತಿದೆ ಎಂಬುದು ಪೂರ್ತಿ ತಿಳಿಯುತ್ತಿತ್ತು. ಗಂಡ ಮಲಗಿ ಗೊರಕೆ ಹೊಡೆಯುತ್ತಿದ್ದರೂ ನಾನು ನೋಡಿದ್ದನ್ನೇ ನೋಡುತ್ತಿದ್ದೆ.

ಬಟ್ಟೆ ಪಾರ್ಸೆಲ್ಲಿನಲ್ಲಿ ಬಂತು. ಸುರುಳಿ ಬಿಚ್ಚಿ ನೆಲಕ್ಕೆ ಹಾಸಿದೆ. ಕರ್ರಗೆ, ಬೆಳಕು ಬಿದ್ದ ಕಡೆ ಓರೆ ಗೆರೆಗಳು ಹೊಳೆಯುತ್ತಿದ್ದವು. ಅತ್ತೆ ಬಂದು ಪಕ್ಕದಲ್ಲಿ ಕೂತು ಬೆರಳ ತುದಿಯಲ್ಲಿ ಹೊಸಕಿ ನೋಡಿದರು.

ನಮ್ಮತ್ತೆಯ ವಿಷಯ ಹೇಳಬೇಕು. ಅವರು ಕೌದಿ ಹೊಲಿಯುವವರು. ಹಳೆಯ ಸೀರೆಗಳನ್ನು ಪದರ ಹಾಸಿ, ಮೇಲೆ ತುಂಡು ಬಟ್ಟೆಗಳನ್ನು ಕೂಡಿಸಿ, ಅಂಚಿನಿಂದ ಒಳಕ್ಕೆ ಕೈಹೊಲಿಗೆ ಹಾಕುತ್ತ ಬಂದು ಹೊದಿಕೆ ಮಾಡುತ್ತಾರಲ್ಲ, ಅದು. ನಮ್ಮ ಓಣಿಯಲ್ಲಿ ಅವರ ಕೌದಿ ಹೊದೆಯದ ಕೂಸು ಇಲ್ಲ. ಬಾಯಿ ಕಡಿಮೆ, ಹಟ ಜಾಸ್ತಿ.

“ಇದ ಯಾವ ಊರ ಸೀರಿ?” ಎಂದರು.

“ಸೀರಿ ಅಲ್ಲ ಅತ್ತಿ, ಬಾಗಲಾ ಮಾಡ್ತೀನಿ ಇದರಾಗ.”

“ಬಟ್ಟೀದು ಬಾಗಲಾ?” ಅವರು ನನ್ನ ಮುಖ ನೋಡಿದರು. “ಬಾಗಲಕ್ಕ ಪರದೆ ಹಾಕೂದ ಕೇಳೀನಿ. ಪರದೆನ ಬಾಗಲಾ ಮಾಡೂದ ಕೇಳಿಲ್ಲ.”

ಮೊದಲು ಸಣ್ಣದೊಂದು ತಟ್ಟೆ ಮಾಡಿ ನೋಡೋಣ ಎಂದುಕೊಂಡೆ, ಸ್ಕ್ರೂ ಹಾಕಿಡುವುದಕ್ಕೆ. ರಾಳ ಎರಡು ಡಬ್ಬಿಯಲ್ಲಿ ಬರುತ್ತದೆ. ಒಂದರಲ್ಲಿ ಜೇನಿನಂಥ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ನೀರು. ಎರಡನ್ನೂ ಲೆಕ್ಕದಂತೆ ಬೆರೆಸಿದರೆ ಸ್ವಲ್ಪ ಹೊತ್ತಿಗೆ ಕಲ್ಲಾಗುತ್ತದೆ. ವಿಡಿಯೋದವರು ಬೆರೆಸಿಕೊಂಡು, ನಗುತ್ತ ಮಾತಾಡುತ್ತ, ನಿಧಾನಕ್ಕೆ ಹಚ್ಚುತ್ತಾರೆ. ಅವರ ಷೆಡ್ಡಿನಲ್ಲಿ ಹೊರಗೆ ಹಿಮ ಬಿದ್ದಿರುತ್ತದೆ. ನಾನು ಮಸ್ಕಿಯ ಏಪ್ರಿಲ್ಲಿನಲ್ಲಿ, ಮಧ್ಯಾಹ್ನದ ಹೊತ್ತು, ಒಂದು ಮಗ್ಗಿನ ತುಂಬ ಬೆರೆಸಿದೆ. ಬ್ರಷ್ಷು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಗ್ಗು ಹೊಗೆಯಾಡುತ್ತಿತ್ತು. ಮುಟ್ಟಿದರೆ ಕೈ ಸುಟ್ಟಿತು. ಪ್ಲಾಸ್ಟಿಕ್ ಮಗ್ಗು ಕಣ್ಣೆದುರೇ ಸೊಟ್ಟಗಾಗಿ ಒಂದು ಕಡೆ ವಾಲಿಕೊಂಡಿತು. ಯಾರೂ ಬೆಂಕಿ ಹಚ್ಚದೆ ತಾನೇ ತಾನಾಗಿ ಬೇಯುವ ವಸ್ತುವನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಮಗ್ಗು ಹೋದದ್ದಕ್ಕೆ ಬೇಜಾರಾಗುವ ಬದಲು ಖುಷಿಯಾಯಿತು, ಅದೇನು ಬುದ್ಧಿಯೋ ನನ್ನದು. ಬೆರೆಸುವಾಗ ಹುಟ್ಟಿದ ಬಿಸಿ ಮಗ್ಗಿನೊಳಗೆ ಸಿಕ್ಕಿಬಿದ್ದು ಅದನ್ನೇ ಬೇಯಿಸಿತ್ತು. ಅಗಲವಾದ ತಾಟಿನಲ್ಲಿ ತೆಳ್ಳಗೆ ಹರಡಿಟ್ಟರೆ, ಕೆಳಗೆ ತಣ್ಣೀರಿನ ಪರಾತ ಇಟ್ಟರೆ, ಸೂರ್ಯ ಏಳುವ ಮುಂಚೆ ಕೆಲಸ ಮುಗಿಸಿದರೆ ನಮ್ಮೂರಲ್ಲೂ ಆಗುತ್ತದೆ ಎಂದು ಗೊತ್ತಾಯಿತು.

ರಾಳ ಹಚ್ಚಿದ ಬಟ್ಟೆಯ ಪದರುಗಳ ನಡುವೆ ಗಾಳಿ ಉಳಿಯಬಾರದು. ಅದಕ್ಕೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸುತ್ತಲೂ ಅಂಟುಪಟ್ಟಿಯಿಂದ ಭದ್ರ ಮಾಡಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆಯಬೇಕು. ಆಗ ಹೊರಗಿನ ಗಾಳಿಯೇ ಅಷ್ಟೂ ಬಟ್ಟೆಯನ್ನು ಒಂದೇ ಸಮ ಒತ್ತಿ ಹಿಡಿಯುತ್ತದೆ. ಪಂಪಿಗಾಗಿ ನಮ್ಮ ಓಣಿಯ ಫ್ರಿಜ್ ರಿಪೇರಿ ಚಾಚಾನ ಬಳಿ ಹೋದೆ. ಮೂಲೆಯಲ್ಲಿದ್ದ ಹಳೆಯ ಫ್ರಿಜ್ಜಿನ ಕಂಪ್ರೆಸರ್ ಎತ್ತಿ ಕೊಟ್ಟರು.

“ಥಂಡಾ ಮಾಡೂದ ಬಿಟ್ಟೈತಿ ಬೇಟಿ, ಖರೆ ಹವಾ ಎಳಿಯೂದ ಬಿಟ್ಟಿಲ್ಲ,” ಎಂದರು. ಆಮೇಲೆ, “ಏನ ಮಾಡಾಕತ್ತಿ ಅಂತ ನಾ ಕೇಳಂಗಿಲ್ಲ. ಆದ ಮ್ಯಾಲ ತೋರ್ಸು.”

ತಟ್ಟೆ ತಯಾರಾಯಿತು. ಸುಮ್ಮನೆ ಬೋರಲು ಹಾಕಿ ಗಂಡನಿಗೆ ಅದರ ಮೇಲೆ ನಿಲ್ಲಲು ಹೇಳಿದೆ. ನಿಂತರು. ಮಣಿಯಿತು, ಮುರಿಯಲಿಲ್ಲ. ಅವರು ಇಳಿದು ತಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ, ಮತ್ತೊಮ್ಮೆ ಹತ್ತಿ ನಿಂತರು. ಆಮೇಲೆ ಹೋಗಿ ವ್ಯಾನಿನ ಹಿಂದಿನ ಬಾಗಿಲು ಬಿಚ್ಚತೊಡಗಿದರು.

ಅಲ್ಲಿಂದ ಮುಂದೆ ನಮ್ಮ ಅಂಗಳ ಅಂಗಳವಾಗಿ ಉಳಿಯಲಿಲ್ಲ. ಹಳೆಯ ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿ, ಅದಕ್ಕೆ ಮೇಣ ಉಜ್ಜಿ ಉಜ್ಜಿ, ಅದರ ಮೇಲೆ ಫೈಬರಿನ ಅಚ್ಚು ಎರಕ ತೆಗೆದೆವು. ಆ ರಾಳದ ನಾತಕ್ಕೆ ಎದುರು ಮನೆಯವರು ಕಿಟಕಿ ಹಾಕಿಕೊಂಡು ನಮ್ಮನ್ನು ಬೈದರು. ಅಚ್ಚು ಬಾಗಿಲನ್ನು ಬಿಡದೆ ಕಚ್ಚಿಕೊಂಡು ಕೂತು, ಸುತ್ತಲೂ ಮರದ ಬೆಣೆ ಹೊಡೆದು ನೀರು ಬಿಟ್ಟ ಮೇಲೆ ಫಟ್ಟೆಂದು ಎದ್ದು ಬಂತು. ಒಳಗೆ ನೋಡಿದರೆ ನನ್ನ ಬಾಗಿಲೇ, ಆದರೆ ಉಬ್ಬಿದ್ದೆಲ್ಲ ತಗ್ಗು, ತಗ್ಗಿದ್ದೆಲ್ಲ ಉಬ್ಬು. ಎಷ್ಟು ಹೊತ್ತು ನೋಡಿದರೂ ನನಗೆ ಅದು ಬೇಸರವಾಗಲಿಲ್ಲ. ಇಷ್ಟು ದಿನ ದಿನಾ ಕಾಣುತ್ತಿದ್ದ ವಸ್ತುವನ್ನು ಒಳಗಿನಿಂದ ಮೊದಲ ಸಲ ನೋಡಿದಂತಿತ್ತು.

ಕಾರ್ಬನ್ ಹಾಸುವ ದಿನ ನಸುಕಿಗೇ ಎದ್ದೆವು. ಕುಪ್ಪಸದ ಕಟ್ಟಿಂಗ್ ಮಾಡುವಂತೆ ಪೇಪರಿನಲ್ಲಿ ಅಳತೆ ಮಾಡಿ ಹಿಂದಿನ ದಿನವೇ ಬಟ್ಟೆ ಕತ್ತರಿಸಿಟ್ಟಾಗಿತ್ತು. ಕತ್ತರಿಸಿದವರು ಅತ್ತೆ. ಆ ಬಟ್ಟೆ ಅಂಚಿನಲ್ಲಿ ಎಳೆ ಬಿಚ್ಚಿಕೊಂಡು ಹೋಗುತ್ತದೆ. ನನ್ನ ಕೈಯಲ್ಲಿ ಹುರಿಯಾಗುತ್ತಿತ್ತು, ಅವರ ಕೈಯಲ್ಲಿ ಸುಮ್ಮನಿರುತ್ತಿತ್ತು. ಗಂಡ ರಾಳ ಬೆರೆಸಿ ಕೊಟ್ಟರು, ನಾನು ಹಚ್ಚಿದೆ, ಅತ್ತೆ ಕೈಗೆ ರಬ್ಬರ್ ಗವಸು ಹಾಕಿಕೊಂಡು ಬಟ್ಟೆ ಹಾಸಿದರು. ಎರಡು ಪದರು ಮುಗಿದಾಗ ಅವರ ಮುಖದಲ್ಲಿ ಬೇರೆಯೇ ಕಳೆ ಬಂದಿತ್ತು. ಬಗ್ಗಿ ಅಂಗೈಯಿಂದ ಸುಕ್ಕು ತೀಡುವ ರೀತಿ, ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವ ರೀತಿ, ಎಲ್ಲ ಕೌದಿಯದೇ. ನನಗೆ ಬಹಳ ಸಂತೋಷವಾಯಿತು. ಮೂರನೆಯ ಪದರು ಹಾಸುವ ಮುಂಚೆ ನಾನು ಕಂಪ್ರೆಸರ್ ಚಾಲೂ ಆಗುತ್ತದೋ ಇಲ್ಲವೋ ನೋಡಲು ಒಳಗೆ ಹೋದೆ, ಗಂಡ ನನ್ನ ಹಿಂದೆ ವೈರು ಹಿಡಿದು ಬಂದರು. ನಾವು ಹೊರಗೆ ಬಂದಾಗ ಅತ್ತೆ ಮೂರನೆಯ ಪದರಿನ ಒಂದು ಮೂಲೆಯನ್ನು ತಾವೇ ಹಾಸಿ ಮುಗಿಸಿದ್ದರು.

“ಈ ಮೂಲಿ ನಾ ಮಾಡೀನಿ. ನೀ ಉಳದದ್ದು ಮಾಡು,” ಎಂದರು.

ಎಷ್ಟು ಚುರುಕಾಗಿದ್ದಾರೆ ಎಂದು ಹೊಗಳಿದೆ ಕೂಡ. ಉಳಿದದ್ದನ್ನೂ ಹಾಸಿದ ಮೇಲೆ, ಅಂಟದಿರಲೆಂದು ಕುಪ್ಪಸದ ಅಸ್ತರಿನ ಬಟ್ಟೆ, ಹೆಚ್ಚಾದ ರಾಳ ಹೀರಲೆಂದು ಹಳೆಯ ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಕಂಪ್ರೆಸರ್ ಗುರ್ರೆಂದಿತು. ಹಾಳೆ ಸುಕ್ಕುಗಟ್ಟಿ, ಒಳಕ್ಕೆ ಸರಿದು, ಬಾಗಿಲಿನ ಒಂದೊಂದು ತಿರುವಿಗೂ ಅಂಟಿಕೊಂಡಿತು. ಗಾಳಿಗೆ ಇಷ್ಟು ಭಾರವಿದೆ ಎಂಬುದು ಪುಸ್ತಕದಲ್ಲಿ ಓದಿದ್ದೆ, ಬೆರಳಿಟ್ಟು ಮುಟ್ಟಿದ್ದು ಅವತ್ತೇ. ರಾಳ ಬಿಗಿದ ಮೇಲೆ ಅಚ್ಚನ್ನು ಹಾಗೇ ಬಿಸಿಲಿಗೆ ಬಿಟ್ಟೆವು. ರೇಸಿನವರು ಇದಕ್ಕೆ ದೊಡ್ಡ ಒಲೆ ಕಟ್ಟಿಸುತ್ತಾರೆ, ನಮಗೆ ಆಕಾಶದಲ್ಲಿ ಇತ್ತು.

ಅಚ್ಚಿನಿಂದ ಬಾಗಿಲು ಹೊರಬಂತು. ಕರ್ರಗೆ, ನೀರಿನಂತೆ ಹೊಳೆಯುತ್ತಿತ್ತು. ಅದಕ್ಕೆ ಒಳಗಿನಿಂದ ಥರ್ಮಾಕೋಲಿನ ಪಟ್ಟಿ ಇಟ್ಟು ಕಾರ್ಬನ್ ಸುತ್ತಿ ಎಲುಬು ಕಟ್ಟಿದೆ, ಗಾಜಿನ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಕತ್ತರಿಸಿದೆ. ಕೀಲು ಕೂರಿಸಲು ಮೇಲಿನ ಎರಡು ಮೂಲೆಗಳಲ್ಲಿ ತೂತು ಕೊರೆಯುವುದಷ್ಟೇ ಉಳಿದಿತ್ತು.

ಕೊರೆಯುವ ಮುಂಚೆ ಒಂದು ರೂಪಾಯಿ ನಾಣ್ಯದಿಂದ ಉದ್ದಕ್ಕೂ ಬಡಿದು ನೋಡಿದೆ. ಕುಕ್ಕರಿನ ತಳ ಬಿಟ್ಟಿದೆಯೋ ಇಲ್ಲವೋ ಎಂದು ನಾವು ಹೀಗೇ ನೋಡುವುದು. ಟಿಕ್ ಟಿಕ್ ಟಿಕ್ ಎಂದು ಸದ್ದು ಚೊಕ್ಕಟವಾಗಿ ಬರುತ್ತಿತ್ತು. ಬಲಗಡೆಯ ಮೇಲಿನ ಮೂಲೆಗೆ ಬಂದ ಕೂಡಲೇ ದಬ್ ಎಂದಿತು. ಮತ್ತೆ ಬಡಿದೆ. ದಬ್. ಗಾಳಿ ಸಿಕ್ಕಿದೆ ಎಂದುಕೊಂಡು ಡ್ರಿಲ್ಲು ಇಟ್ಟೆ. ಕಾರ್ಬನ್ ಕೊರೆದರೆ ಕರಿಯ ಪುಡಿ ಬೀಳಬೇಕು. ಬಿತ್ತು. ಅದರ ಹಿಂದೆ ಬೂದು ಬಣ್ಣದ ಪುಡಿ ಬಂತು. ಡ್ರಿಲ್ಲು ನಿಲ್ಲಿಸಿ, ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಮೂಸಿ ನೋಡಿದೆ. ಜೋಳ.

“ಅತ್ತಿ,” ಎಂದು ಕೂಗಿದೆ. ಅವರು ಮನೆಯ ಹೊಸ್ತಿಲಿಗೆ ಬಂದು ನಿಂತರು. “ಇದರಾಗ ಏನ ಹಾಕೀರಿ?”

“ರೊಟ್ಟಿ,” ಎಂದರು, ಉಪ್ಪು ಎಂದಷ್ಟೇ ಸಲೀಸಾಗಿ.

ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುವ ಪದ್ಧತಿ ಇದೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎನ್ನುತ್ತಾರೆ. ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಅದು ಇಲ್ಲಿಗೆ ಬರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಇದ ಕೌದಿ ಅಲ್ರೀ, ಬಾಗಲಾ! ಬಾಗಲಾ!” ಸಿಟ್ಟು ನೆತ್ತಿಗೇರಿತ್ತು. ಕೈಯಲ್ಲಿದ್ದ ನಾಣ್ಯವನ್ನು ಎಸೆದೆ, ಅದು ಎಲ್ಲಿಗೆ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

“ಬಟ್ಟಿ ಮ್ಯಾಲ ಬಟ್ಟಿ ಹಾಸಿದ್ರ ಅದಕ್ಕ ಮತ್ತೇನಂತಾರ?” ಎಂದರು ಅತ್ತೆ.

ಗಂಡ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾರೆ ಎಂದು ಗೊತ್ತಾಗಿ ನನ್ನ ಸಿಟ್ಟು ಇಮ್ಮಡಿಯಾಯಿತು. ಏನೇನು ಅಂದೆನೋ. ಇಡೀ ಬಾಗಿಲಿನ ಭಾರ ಜೋತು ಬೀಳುವುದೇ ಆ ಮೂಲೆಯಲ್ಲಿ, ಅಲ್ಲಿ ಹಿಟ್ಟು ಇಟ್ಟರೆ ನನ್ನ ತಲೆಯ ಮೇಲೆ ಕಳಚಿ ಬೀಳುತ್ತದೆ ಎಂದು ಬಾಯಿ ಬಡಿದುಕೊಂಡೆ. ತಲೆಯ ಮೇಲೆ ಬೀಳುತ್ತದೆ ಎಂದದ್ದು ಕೇಳಿ ಅತ್ತೆಯ ಮುಖ ಸಣ್ಣಗಾಯಿತು. ಒಳಗೆ ಹೋದರು. ಆ ದಿನವೂ ಮರುದಿನವೂ ನನ್ನ ತಾಟಿಗೆ ರೊಟ್ಟಿ ಬಂತು, ಮಾತು ಬರಲಿಲ್ಲ.

ಹೊಸದು ಮಾಡುವಷ್ಟು ಬಟ್ಟೆ ಉಳಿದಿರಲಿಲ್ಲ. ಮತ್ತೆ ತರಿಸೋಣವೆಂದರೆ ಕಳಿಸುವವರ ಹತ್ತಿರ ಸದ್ಯಕ್ಕೆ ಸ್ಟಾಕ್ ಇಲ್ಲವೆಂದರು. ಶ್ರಾವಣ ಮುಗಿಯುತ್ತ ಬಂದಿತ್ತು. ಗದ್ದೆಗಳಲ್ಲಿ ಭತ್ತ ಹಸಿರಾಗಿ ನಿಂತಿತ್ತು. ಅದು ಬಣ್ಣ ಬದಲಿಸುವುದರೊಳಗೆ ನನ್ನ ಬಾಗಿಲು ಆಗಬೇಕಿತ್ತು.

ಬೇರೆ ದಾರಿ ಕಾಣದೆ ಆ ಮೂಲೆಯನ್ನು ಕೊರೆದು ಕಿತ್ತೆ. ಕಿತ್ತ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಮೇಲೆ ಕಾರ್ಬನ್, ಕೆಳಗೆ ಕಾರ್ಬನ್, ನಡುವೆ ರೊಟ್ಟಿ. ಅಂಚಿನ ಕಡೆ ರಾಳ ರೊಟ್ಟಿಯೊಳಗೆ ನುಗ್ಗಿ ಅದನ್ನು ಜೇನುಬಣ್ಣದ ಗಾಜಿನಂತೆ ಮಾಡಿತ್ತು. ಉಗುರಲ್ಲಿ ಗೀರಿದರೂ ಗೀರು ಬೀಳಲಿಲ್ಲ. ನಟ್ಟನಡುವೆ ಮಾತ್ರ ರಾಳ ಮುಟ್ಟದೆ ಪುಡಿ ಪುಡಿಯಾಗಿತ್ತು. ರಾಳ ಎಷ್ಟು ದೂರ ಹೋಯಿತು, ಯಾಕೆ ಅಲ್ಲೇ ನಿಂತಿತು, ರೊಟ್ಟಿ ಇನ್ನೂ ತೆಳ್ಳಗಿದ್ದರೆ ಪೂರ್ತಿ ಕುಡಿಯುತ್ತಿತ್ತೇ ಎಂದು ಯೋಚಿಸುತ್ತ ಕೂತುಬಿಟ್ಟೆ. ಯಾರಿಗಾದರೂ ತೋರಿಸದಿದ್ದರೆ ಹೊಟ್ಟೆ ಉಬ್ಬುತ್ತಿತ್ತು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ.

“ನೋಡ್ರಿ ನಿಮ್ಮ ರೊಟ್ಟಿ,” ಎಂದು ಅವರ ಮುಂದೆ ಹಿಡಿದೆ.

ಅವರು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. “ಕಲ್ಲಾಗೇತಿ,” ಎಂದರು. ಆಮೇಲೆ ತುಂಡನ್ನು ನನ್ನ ಕೈಗೆ ಹಾಕಿ, “ನೀ ಒಬ್ಬಾಕಿನ ಹೋಗಾಕಿ. ಲಿಂಗಸುಗೂರ ದಾರ್ಯಾಗ ಗಾಡಿ ನಿಂತ್ರ ನಿನಗ ಯಾರ ಅದಾರ? ಅಂವ ಇರಂಗಿಲ್ಲ, ನಾ ಇರಂಗಿಲ್ಲ. ಬಾಗಲಾರ ಹೊಟ್ಟಿ ತುಂಬಿಸ್ಕೊಂಡ ಜೋಡಿ ಇರ್ಲಿ ಅಂತ ಇಟ್ಟೆ,” ಎಂದರು.

ನಾನೊಬ್ಬಳೇ ಹೋಗುವುದಕ್ಕೆಂದೇ ಇಷ್ಟೆಲ್ಲ ಮಾಡುತ್ತಿದ್ದೆ. ಅದರಿಂದ ಮನೆಯಲ್ಲಿ ಇನ್ನೊಬ್ಬರಿಗೆ ಭಯವಾಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವರಿಗೆ ಕಾಣಬಾರದೆಂದು ಕ್ಯಾಲಿಪರಿನ ಬೆಲ್ಟು ಬಿಗಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿದೆ.

“ಈಗ ಅದಕ್ಕ ತ್ಯಾಪಿ ಹಚ್ಚಬೇಕು,” ಎಂದೆ.

“ಹಚ್ಚೂಣಲ್ಲ,” ಎಂದು ಅತ್ತೆ ಕತ್ತರಿ ತಂದರು.

ತೇಪೆ ಹಚ್ಚುವುದೂ ಒಂದು ಕ್ರಮ. ತೂತಿನ ಸುತ್ತ ಮೂರು ಪದರನ್ನೂ ಇಳಿಜಾರಾಗಿ ಉಜ್ಜಿ, ಸಣ್ಣ ತುಂಡು, ಅದಕ್ಕಿಂತ ದೊಡ್ಡದು, ಅದಕ್ಕಿಂತ ದೊಡ್ಡದು ಎಂದು ಒಂದರ ಮೇಲೊಂದು ಕೂರಿಸಬೇಕು, ಎಳೆಗಳ ಓರೆ ಮೊದಲಿನದಕ್ಕೆ ಹೊಂದಬೇಕು. ಉಜ್ಜುವಾಗ ಏಳುವ ಪುಡಿ ಮೈಗೆ ತಾಗಿದರೆ ತುರಿಕೆ ಬಿಡುವುದಿಲ್ಲ, ಎದೆಗೆ ಹೋದರೆ ಕೆಟ್ಟದ್ದು. ಮೂಗಿಗೆ ಮಾಸ್ಕ್ ಹಾಕಿಕೊಂಡು, ನೀರು ಹನಿಸುತ್ತ ಉಜ್ಜಿದೆ. ಕೀಲಿನ ಜಾಗಕ್ಕೆ ಒಳಗೆ ಉಕ್ಕಿನ ಪಟ್ಟಿಯನ್ನೂ ಸೇರಿಸಿ, ಮೇಲೆ ಒಂದು ಪದರು ಜಾಸ್ತಿ ಹಾಕಿದೆ. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಪ್ಲಾಸ್ಟಿಕ್ ಹಾಳೆ ಮುಚ್ಚುವ ತನಕ ನಾನು ಅವರ ಎರಡೂ ಕೈಗಳ ಮೇಲೆ ಕಣ್ಣಿಟ್ಟಿದ್ದೆ. ಅದು ಅವರಿಗೂ ಗೊತ್ತಿತ್ತು.

“ಇದಕ್ಕೇನೂ ಹಾಕಂಗಿಲ್ಲ ಹಂಗಾರ?”

“ಏನೂ ಹಾಕಂಗಿಲ್ಲ.”

“ಆತ ಬಿಡು. ಅದು ತಿನ್ನಂಗಿಲ್ಲಂದ್ರ ನೀನರ ತಿನ್ನು,” ಎಂದು ಎದ್ದು ಒಲೆಯ ಕಡೆ ಹೋದರು.

ತೇಪೆ ಒಣಗಿದ ಮೇಲೆ ಬಡಿದು ನೋಡಿದೆ. ಆ ಮೂಲೆಯೂ ಟಿಕ್ ಎಂದಿತು. ಬಾಗಿಲನ್ನು ಮರಕ್ಕೆ ತೂಗುಹಾಕಿ ಗಂಡ ಅಕ್ಕಿಯ ಚೀಲ ಕಟ್ಟಿ ಜಗ್ಗಿದರು, ಏನೂ ಆಗಲಿಲ್ಲ. ಹಳೆಯದನ್ನೂ ಹೊಸದನ್ನೂ ಮಿಲ್ಲಿಗೆ ಒಯ್ದು ಚೀಲ ತೂಗುವ ತಕ್ಕಡಿಯಲ್ಲಿ ಇಟ್ಟು ಬಂದರು. ಹೊಸದಕ್ಕೆ ಮುಳ್ಳು ಅರ್ಧವೂ ಸರಿಯಲಿಲ್ಲವಂತೆ. ಚಾಚಾ ಬಂದು ನೋಡಿ, ಬೆರಳಿಂದ ಒಮ್ಮೆ ಎತ್ತಿ ಇಳಿಸಿ, ಫ್ರಿಜ್ಜಿಗೂ ಇಂಥದ್ದೊಂದು ಬಾಗಿಲು ಆಗುತ್ತದೇನು ಎಂದು ಕೇಳಿದರು. ಹಗುರಾದದ್ದಕ್ಕೂ ಒಂದು ತಂಟೆ ಇತ್ತು. ಬಯಲಿನ ಗಾಳಿ ಬೀಸಿದರೆ ತೆರೆದ ಬಾಗಿಲು ಮೊರದಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಬದಿಗೆ ಕೊಕ್ಕೆ ಇರುವ ಅಲ್ಯುಮಿನಿಯಂ ಕೋಲು ಕೂರಿಸಿದೆ. ಎತ್ತಿದ ಕೂಡಲೇ ಕೋಲು ತಾನಾಗಿ ಕಚ್ಚಿಕೊಳ್ಳುತ್ತದೆ, ಬೆರಳಲ್ಲಿ ತಟ್ಟಿದರೆ ಬಿಡುತ್ತದೆ.

ಮನೆಯ ಮುಂದೆ ಎಷ್ಟು ಸಲ ತೆರೆದು ಮುಚ್ಚಿದರೂ ಅದು ಮನೆಯ ಮುಂದೆ. ಎಡವಿದರೆ ಹಿಡಿಯಲು ಇಬ್ಬರಿದ್ದರು. ದೀಪಾವಳಿ ಕಳೆಯಿತು. ಭತ್ತದ ಲಾರಿಗಳು ರಸ್ತೆಗಿಳಿದವು. ಗಂಡ ಸೋಮವಾರದಿಂದ ಶನಿವಾರದ ತನಕ ಮಿಲ್ಲಿನವರಾದರು.

ಲಿಂಗಸುಗೂರಿನ ಸಂತೆಗೆ ನಾನೊಬ್ಬಳೇ ಹೋದೆ. ದಾರಿಯಲ್ಲಿ ಪಕ್ಕದ ಸೀಟು ಖಾಲಿ ಇತ್ತು, ಅದರ ಮೇಲೆ ಬುತ್ತಿಯ ಚೀಲ. ಯಾವತ್ತಿನ ಮೂಲೆಯಲ್ಲೇ ಗಾಡಿ ನಿಲ್ಲಿಸಿದೆ. ಇಳಿದು, ಗಾಡಿಯ ಮೈ ಹಿಡಿದುಕೊಂಡು ಹಿಂದಕ್ಕೆ ಬಂದೆ. ಕೋಲು ಊರಿ ನಿಂತೆ. ಪಕ್ಕದಲ್ಲಿ ಹಗ್ಗ ಮಾರುವ ಮುದುಕರು, ಪ್ರತಿ ಸಂತೆಯಲ್ಲೂ ಗಂಡನ ಜೊತೆ ಚಹಾ ಕುಡಿಯುತ್ತಿದ್ದವರು, ನಾನು ಒಬ್ಬಳೇ ಇರುವುದನ್ನು ನೋಡಿ ಎದ್ದರು.

“ಎತ್ಲೇನವ್ವಾ?”

“ಬ್ಯಾಡ್ರಿ ಕಾಕಾ.”

ಹಿಡಿಕೆ ತಿರುವಿ ಎತ್ತಿದೆ. ಅರ್ಧಕ್ಕೆ ಬಂದಾಗ ಹಳೆಯ ಅಭ್ಯಾಸದಿಂದ ಕೈ ತಾನೇ ನಿಂತಿತು, ಇಲ್ಲಿಂದ ಮುಂದೆ ಆಗುವುದಿಲ್ಲ ಎಂಬಂತೆ. ಒಂದು ಉಸಿರು ಎಳೆದುಕೊಂಡು ಮೇಲಕ್ಕೆ ತಳ್ಳಿದೆ. ಹೋಯಿತು. ಕೊಕ್ಕೆಯ ಕೋಲು ಕಟ್ ಎಂದು ಕಚ್ಚಿಕೊಂಡಿತು. ಮುದುಕರು ಮತ್ತೆ ಕೂತು ತಮ್ಮ ಹಗ್ಗ ಬಿಡಿಸತೊಡಗಿದರು. ಬೇರೆ ಯಾರೂ ತಿರುಗಿ ನೋಡಲಿಲ್ಲ. ಚಿಕ್ಕಂದಿನಿಂದ ನಾನು ಎದ್ದರೆ, ಕೂತರೆ, ಬಸ್ಸು ಹತ್ತಿದರೆ ಮಂದಿ ನೋಡುತ್ತಿದ್ದರು. ಅವತ್ತು ಯಾರೂ ನೋಡದೆ ಇದ್ದದ್ದು ನನಗೆ ಎಂಥ ಸುಖ ಕೊಟ್ಟಿತು ಎಂದು ಹೇಳಲಾರೆ.

ಮಧ್ಯಾಹ್ನ ಗಂಡನ ಫೋನು ಬಂತು. ಹಿಂದೆ ಮಿಲ್ಲಿನ ಸದ್ದು.

“ಊಟ ಆತೇನು?” ಎಂದರು.

“ಆಗೇತಿ.”

“ಗಿರಾಕಿ ಅದಾರೇನು?”

“ಅದಾರ.”

ಬಾಗಿಲಿನ ಮಾತು ಕೇಳಲೇ ಇಲ್ಲ. ಕೇಳುವುದಕ್ಕೆ ಹೆದರಿದ್ದರು. “ತಗದೀನ್ರಿ. ಒಂದ ಕೈಲೆ,” ಎಂದೆ ನಾನೇ.

ಅವರು ಹೂಂ ಎಂದರು. ಆಮೇಲೆ, “ಹಂಗಾರ ನಂದೇನೂ ಕೆಲಸ ಇಲ್ಲ ಇನ್ನ ಅಲ್ಲಿ,” ಎಂದರು. ನಗುತ್ತಲೇ ಹೇಳಿದರು. ಆದರೆ ಅಷ್ಟು ವರ್ಷ ಜೊತೆಗಿದ್ದ ನನಗೆ ಆ ನಗೆ ಯಾವುದು ಎಂದು ತಿಳಿಯದೆ ಇರುತ್ತದೆಯೇ. ನನಗೂ ಚುರ್ರೆಂದಿತು.

“ರಜಾ ಸಿಕ್ಕಾಗ ಬರ್ರಿ. ಬಾಗಲಾ ಎತ್ತಾಕ ಅಲ್ಲ. ಸುಮ್ನ ಬರ್ರಿ,” ಎಂದೆ.

ಬರುತ್ತೇನೆ ಎಂದು ಫೋನಿಟ್ಟರು.

ಸಂಜೆ ಸಾಮಾನು ಒಳಗಿಟ್ಟು, ಸ್ಟೂಲು ಮಡಚಿ, ಕೊಕ್ಕೆಗೆ ಬೆರಳು ತಟ್ಟಿ ಬಾಗಿಲು ಇಳಿಸಿದೆ. ಅಂಗೈಯಿಂದ ಒತ್ತಿದರೆ ಮುಚ್ಚಿಕೊಂಡಿತು. ಬೀಗ ಹಾಕಿದೆ. ಮುಂದಕ್ಕೆ ಹೋಗಿ ಸೀಟಿನ ಬಾಗಿಲಿಗೆ ಕೈ ಹಾಕಿದವಳು ನಿಂತೆ. ಮತ್ತೆ ಗಾಡಿಯ ಮೈ ಹಿಡಿದುಕೊಂಡು ಹಿಂದಕ್ಕೆ ಬಂದು, ಬೀಗ ತೆಗೆದು, ಬಾಗಿಲನ್ನು ಪೂರ್ತಿ ಮೇಲಕ್ಕೆ ಎತ್ತಿದೆ.

“ಏನರ ಮರ್ತೇನವ್ವಾ?” ಎಂದು ಹಗ್ಗದ ಮುದುಕರು ಕೇಳಿದರು.

ಏನನ್ನೂ ಮರೆತಿರಲಿಲ್ಲ.